ಸುರತ್ಕಲ್ಲಿನ ಬಾಲ್ಕನಿಗೆ ಎಂಥ ಸ್ಟ್ಯಾಂಡ್?

ಪ್ರಶ್ನೆ: ನಮ್ಮದು ಸುರತ್ಕಲ್‌ನಲ್ಲಿ ಎರಡನೇ ಮಹಡಿಯ ಫ್ಲ್ಯಾಟ್. ಬಾಲ್ಕನಿ ಪಡುವಣಕ್ಕಿದೆ, ಕಡಲು ಅರ್ಧ ಕಿಲೋಮೀಟರ್ ದೂರ. ಹತ್ತು ಇಂಚಿನ ಹನ್ನೆರಡು ಕುಂಡಗಳಿವೆ. ನಾಲ್ಕು ಮಲ್ಲಿಗೆ, ಉಳಿದದ್ದು ದಾಸವಾಳ, ತುಳಸಿ, ಒಂದೆಲಗ, ದೊಡ್ಡಪತ್ರೆ, ಆಂಥೂರಿಯಂ ಹೀಗೆ. ಹೋದ ವರ್ಷ ಆನ್‌ಲೈನ್‌ನಲ್ಲಿ ತರಿಸಿದ ಮೂರು ಹಂತದ ಕಬ್ಬಿಣದ ಸ್ಟ್ಯಾಂಡ್ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಒಂದು ಕಡೆಗೆ ವಾಲಿದೆ. ಈ ಸಲ ವರ್ಕ್‌ಶಾಪ್‌ನಲ್ಲಿ ಮಾಡಿಸೋಣ ಅಂತಿದ್ದೇವೆ. ಒಬ್ಬರು ಪೌಡರ್ ಕೋಟಿಂಗ್ ಮಾಡಿಸಿ ಅಂತಾರೆ, ಒಬ್ಬರು ಸತುವಿನ ಲೇಪ ಇರುವ ಜಿಐ ಪೈಪು ಅಂತಾರೆ, ಇನ್ನೊಬ್ಬರು ಸ್ಟೇನ್‌ಲೆಸ್ ಸ್ಟೀಲೇ ಒಳ್ಳೆಯದು ಅಂತಾರೆ. ಯಾವುದು ಗಟ್ಟಿ? ನಮ್ಮ ಬಾಲ್ಕನಿ ಇಷ್ಟು ಭಾರ ತಡೆಯುತ್ತಾ?

ಉತ್ತರ: ನಿಮ್ಮ ಮೂವರು ಸಲಹೆಗಾರರೂ ಲೋಹದ ಬಗ್ಗೆ ಮಾತಾಡಿದ್ದಾರೆ. ಆಕಾರದ ಬಗ್ಗೆ ಒಬ್ಬರೂ ಮಾತಾಡಿಲ್ಲ. ಇಪ್ಪತ್ತಕ್ಕೂ ಜಾಸ್ತಿ ವರ್ಷ ಗೇಟು, ಗ್ರಿಲ್ಲು, ಸ್ಟ್ಯಾಂಡು ಅಂತ ವೆಲ್ಡಿಂಗ್ ಕೆಲಸ ನೋಡಿಕೊಂಡು ಬಂದವನು ನಾನು. ನಮ್ಮ ಕರಾವಳಿಯಲ್ಲಿ ಸ್ಟ್ಯಾಂಡ್ ಎಷ್ಟು ವರ್ಷ ಬರುತ್ತದೆ ಅನ್ನುವುದನ್ನು ಲೋಹಕ್ಕಿಂತ ಮೊದಲು ಎರಡು ವಿಷಯ ತೀರ್ಮಾನಿಸುತ್ತವೆ: ನೀರು ಎಲ್ಲಿ ನಿಲ್ಲುತ್ತದೆ, ನಿಮ್ಮ ಬ್ರಷ್ ಎಲ್ಲಿಗೆ ತಲುಪುವುದಿಲ್ಲ.

ಇದು ನಾನು ಕಳೆದುಕೊಂಡು ಕಲಿತದ್ದು. ನನ್ನ ಸ್ವಂತ ಮನೆಗೆ ಮಾಡಿದ ಮೊದಲ ಸ್ಟ್ಯಾಂಡ್ ಚೌಕ ಪೈಪಿನದ್ದು. ಒಳ್ಳೆಯ ದಪ್ಪ, 16 ಗೇಜ್. ಎರಡು ಕೋಟ್ ರೆಡ್ ಆಕ್ಸೈಡ್, ಮೇಲೆ ಎರಡು ಕೋಟ್ ಕಪ್ಪು ಎನಾಮಲ್. ಪೈಪಿನ ತುದಿಗಳಿಗೆ ಪ್ಲಾಸ್ಟಿಕ್ ಕ್ಯಾಪ್. ನೋಡಲು ಚಂದ ಇತ್ತು, ಬಂದವರೆಲ್ಲ ಕೇಳುತ್ತಿದ್ದರು. ಮೂರನೇ ವರ್ಷ ಜೋರು ಮಳೆಯ ಆಟಿ ತಿಂಗಳಲ್ಲಿ ಒಂದು ಬೆಳಿಗ್ಗೆ ಹಿಂದಿನ ಕಾಲು ಮಡಚಿಕೊಂಡು ಇಡೀ ಸ್ಟ್ಯಾಂಡ್ ಕುಕ್ಕರಿಸಿತು. ತುಳಸಿ ಕುಂಡ ಎರಡು ಹೋಳು. ಹೊರಗಿನ ಬಣ್ಣ ಮಾತ್ರ ಹೊಸದರ ಹಾಗೇ ಹೊಳೆಯುತ್ತಿತ್ತು. ಕಾಲಿನ ಕೆಳಗಿನ ಕ್ಯಾಪ್ ಕಿತ್ತು ನೋಡಿದರೆ, ಚಹಾ ಬಣ್ಣದ ನೀರು ಸುರಿಯಿತು. ಅದರ ಹಿಂದೆಯೇ ಅವಲಕ್ಕಿಯ ಹಾಗೆ ಪದರ ಪದರ ತುಕ್ಕು, ಒಂದು ಹಿಡಿ. ಪೈಪಿನ ಗೋಡೆ ಉಗುರಿನಲ್ಲಿ ಒತ್ತಿದರೆ ತೂತಾಗುವಷ್ಟು ತೆಳ್ಳಗಾಗಿತ್ತು.

ಆದದ್ದು ಇಷ್ಟೇ. ಮೇಲಿನ ಒಂದು ವೆಲ್ಡಿಂಗ್‌ನಲ್ಲಿ ಸೂಜಿಮೊನೆಯಷ್ಟು ತೂತು ಉಳಿದಿತ್ತು. ಮಳೆ ನೀರು, ಗಿಡಕ್ಕೆ ಹಾಕಿದ ನೀರು ಅಲ್ಲಿಂದ ಒಳಗಿಳಿದಿದೆ. ಕೆಳಗೆ ನಾನೇ ಕ್ಯಾಪ್ ಹಾಕಿ ಹೊರಗೆ ಹೋಗುವ ದಾರಿ ಮುಚ್ಚಿದ್ದೆ. ಪೈಪಿನ ಒಳಮೈಗೆ ಬಣ್ಣ ಇಲ್ಲ, ಗಾಳಿ ಇಲ್ಲ, ಬಿಸಿಲಿಲ್ಲ. ಹೊರಗಿಂದ ನಾನು ವರ್ಷ ವರ್ಷ ಬಣ್ಣ ಬಳಿಯುತ್ತಿದ್ದಾಗ ಕಬ್ಬಿಣ ಒಳಗಿಂದ ಕರಗುತ್ತಿತ್ತು. ನಿಮ್ಮ ಸ್ಟ್ಯಾಂಡ್ ವಾಲಿದ್ದಕ್ಕೂ ಇದೇ ಕಾರಣ ಇದ್ದರೆ ನನಗೇನೂ ಆಶ್ಚರ್ಯ ಇಲ್ಲ. ಆನ್‌ಲೈನ್‌ನಲ್ಲಿ ಬರುವ ಹೆಚ್ಚಿನವು ತೆಳು ಪೈಪು, ತುದಿಗೆ ಪ್ಲಾಸ್ಟಿಕ್ ಬುಷ್.

ಹಾಗಾಗಿ ನನ್ನ ಮೊದಲ ಸಲಹೆ: ಪೈಪು ಬೇಡ, ಆ್ಯಂಗಲ್‌ನಲ್ಲಿ ಮಾಡಿಸಿ, ಅಂದರೆ ಇಂಗ್ಲಿಷಿನ ಎಲ್ ಅಕ್ಷರದ ಹಾಗಿರುವ ಕಬ್ಬಿಣದ ಪಟ್ಟಿಯಲ್ಲಿ. ಅಂಗಡಿಯಲ್ಲಿ ಎಲ್ ಆ್ಯಂಗಲ್ ಅಂತ ಕೇಳಿ, 25ಕ್ಕೆ 25, ದಪ್ಪ 3 ಮಿಲಿಮೀಟರ್. ತೂಕದಲ್ಲಿ ನೋಡಿ, ಈ ಆ್ಯಂಗಲ್ ಮೀಟರಿಗೆ 1.1 ಕೆಜಿ. ಅದೇ ಅಳತೆಯ 16 ಗೇಜ್ ಚೌಕ ಪೈಪು ಕೂಡ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಅಂದರೆ ಕಬ್ಬಿಣಕ್ಕೆ ನೀವು ಕೊಡುವ ದುಡ್ಡು ಒಂದೇ. ಆದರೆ ಪೈಪಿನಲ್ಲಿ ಆ ಕಬ್ಬಿಣ 1.6 ಮಿಲಿಮೀಟರ್ ಗೋಡೆಯಾಗಿ ನಾಲ್ಕು ಕಡೆ ಹರಡಿಕೊಂಡಿದೆ. ಆ್ಯಂಗಲ್‌ನಲ್ಲಿ ಅದೇ 3 ಮಿಲಿಮೀಟರ್ ದಪ್ಪಗೆ ಎರಡೇ ಕಡೆ ಇದೆ. ತುಕ್ಕು ತಿನ್ನಲು ಎರಡು ಪಟ್ಟು ಸಮಯ ಬೇಕು. ಒಳಗು ಅನ್ನುವುದೇ ಇಲ್ಲ. ಎಲ್ಲ ಮೈಯೂ ಕಣ್ಣಿಗೆ ಕಾಣುತ್ತದೆ, ಬ್ರಷ್‌ಗೆ ಸಿಗುತ್ತದೆ.

ಪೈಪಿನ ಪರವಾಗಿ ಒಂದು ಮಾತು ಹೇಳಲೇಬೇಕು. ಬಾಗುವುದಕ್ಕೂ ತಿರುಚುವುದಕ್ಕೂ ಪೈಪು ಆ್ಯಂಗಲ್‌ಗಿಂತ ಜಾಸ್ತಿ ಗಟ್ಟಿ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಆಗಿದ್ದರೆ ನಾನೂ ಪೈಪೇ ಅನ್ನುತ್ತಿದ್ದೆ. ನಿಮಗೆ ಪೈಪಿನ ಚಂದವೇ ಬೇಕು ಅಂತಾದರೆ ಎರಡು ಕೆಲಸ ಮಾಡಿಸಿ. ಮೇಲಿನ ತುದಿಗೆಲ್ಲ ಪ್ಲಾಸ್ಟಿಕ್ ಬದಲು ಕಬ್ಬಿಣದ ತುಂಡು ಇಟ್ಟು ಸುತ್ತಲೂ ವೆಲ್ಡ್ ಮಾಡಲಿ. ಪ್ರತಿ ಕಾಲಿನ ಕೆಳಗೆ 6 ಮಿಲಿಮೀಟರಿನ ಒಂದು ತೂತು ಕೊರೆಯಲಿ. ನೀರು ಬಂದರೂ ಹೋಗಲಿ ಅಲ್ವಾ?

ನೀರಿಗಿಂತ ಇಲ್ಲಿ ಉಪ್ಪಿನ ಕಾಟವೇ ಜಾಸ್ತಿ. ಬರಿ ಮಳೆಗೆ ಕಬ್ಬಿಣ ಇಷ್ಟು ಬೇಗ ಸೋಲುವುದಿಲ್ಲ. ಕೊಡಚಾದ್ರಿಗೆ ಹೋದವರು ಮೂಲ ಮೂಕಾಂಬಿಕೆಯ ಗುಡಿ ಹತ್ತಿರ ಕಬ್ಬಿಣದ ಕಂಬ ನೋಡಿರುತ್ತೀರಿ. ಅಲ್ಲಿ ಬೀಳುವ ಮಳೆ ನಮ್ಮದಕ್ಕಿಂತ ಕಡಿಮೆ ಏನಲ್ಲ. ಆದರೂ ಕಂಬ ನಿಂತಿದೆ. ಅದು ಹಳೆಯ ಕಾಲದ ಬೇರೆಯೇ ಬಗೆಯ ಕಬ್ಬಿಣ, ಸರಿ. ಆದರೆ ಅಲ್ಲಿಗೆ ಕಡಲ ಉಪ್ಪೂ ನಮ್ಮಲ್ಲಿಗೆ ಬಂದಷ್ಟು ಬರುವುದಿಲ್ಲ.

ನಿಮ್ಮ ಬಾಲ್ಕನಿಗೆ ಪ್ರತಿ ಮಧ್ಯಾಹ್ನ ಪಡುಗಾಳಿ ಬರುತ್ತದೆ. ಅಲೆ ಒಡೆಯುವಾಗ ಹಾರುವ ಉಪ್ಪಿನ ಹನಿ ಅದರ ಜೊತೆಗೇ ಬರುತ್ತದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಮುಚ್ಚಲು ಮರೆತರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಗಾಳಿಯ ತೇವಾಂಶ 75 ಶೇಕಡಾ ದಾಟಿದರೆ ಅಡುಗೆ ಉಪ್ಪು ತಾನಾಗಿ ನೀರೊಡೆಯುತ್ತದೆ. ಕಡಲ ಉಪ್ಪಿನಲ್ಲಿ ಮೆಗ್ನೀಷಿಯಂ ಕ್ಲೋರೈಡ್ ಕೂಡ ಇರುವುದರಿಂದ ಅದು ಇನ್ನೂ ಬೇಗ ಒದ್ದೆಯಾಗುತ್ತದೆ. ಅಂದರೆ ಮಳೆ ಇಲ್ಲದ ಫೆಬ್ರವರಿಯ ರಾತ್ರಿಯೂ ನಿಮ್ಮ ಸ್ಟ್ಯಾಂಡಿನ ಮೈ ಉಪ್ಪುನೀರಿನಲ್ಲಿ ನೆನೆದಿರುತ್ತದೆ.

ಇದರಿಂದ ಒಂದು ತಮಾಷೆಯ ವಿಷಯ ಹುಟ್ಟುತ್ತದೆ. ಮಳೆಗೆ ಮೈಯೊಡ್ಡಿ ನಿಂತ ಭಾಗಕ್ಕಿಂತ ಸೂರಿನ ಅಡಿಯಲ್ಲಿ, ಮಳೆ ತಾಗದ ಕಡೆ ಇರುವ ಭಾಗ ಹೆಚ್ಚು ತುಕ್ಕು ಹಿಡಿಯುವುದುಂಟು. ಮಳೆ ಬಂದರೆ ಉಪ್ಪು ತೊಳೆದುಹೋಗುತ್ತದೆ. ಸೂರಿನ ಅಡಿಯಲ್ಲಿ ಅದು ಪದರ ಪದರವಾಗಿ ಕೂರುತ್ತದೆ. ನಿಮ್ಮ ಹಳೆ ಸ್ಟ್ಯಾಂಡಿನ ಹಂತಗಳ ಅಡಿಭಾಗವನ್ನು ಒಮ್ಮೆ ಬಗ್ಗಿ ನೋಡಿ. ಮೇಲ್ಭಾಗಕ್ಕಿಂತ ಕೆಳಭಾಗವೇ ಹಾಳಾಗಿರುತ್ತದೆ. ಗಿಡಕ್ಕೆ ಹಾಕುವ ಗೊಬ್ಬರವೂ ಸೇರಿಕೊಳ್ಳುತ್ತದೆ. ಪೊಟ್ಯಾಷ್ ಅಂತ ಚೀಲದಲ್ಲಿ ಕೊಡುವುದು ಹೆಚ್ಚಾಗಿ ಪೊಟ್ಯಾಷಿಯಂ ಕ್ಲೋರೈಡ್, ಅದೂ ಒಂದು ಬಗೆಯ ಉಪ್ಪೇ. ಮೇಲಿನ ಕುಂಡದಿಂದ ಸೋರಿದ ಗೊಬ್ಬರದ ನೀರು ಕೆಳಗಿನ ಹಂತದ ಮೇಲೆ ತೊಟ್ಟಿಕ್ಕುತ್ತದೆ.

ನವೆಂಬರ್‌ನಿಂದ ಮೇವರೆಗೆ ವಾರಕ್ಕೆ ಒಂದು ಸಲ ಸ್ಟ್ಯಾಂಡಿಗೆ ಸಿಹಿನೀರಿನ ಸ್ನಾನ ಮಾಡಿಸಿ. ಒಂದು ಬಕೆಟ್ ನೀರು, ಹಳೆ ಬಟ್ಟೆ, ಅಡಿಭಾಗವೂ ಸೇರಿ ಒರೆಸಿದರೆ ಸಾಕು. ಬಣ್ಣಕ್ಕೆ ಸಾವಿರಾರು ರೂಪಾಯಿ ಕೊಡುವವರು ಇದನ್ನು ಮಾಡುವುದಿಲ್ಲ, ನೋಡಿ. ನೀರು ಮಾತ್ರ ಸಿಹಿಯೇ ಆಗಿರಬೇಕು. ಹೊಳೆ ಕಡಲು ಸೇರುವ ಹೊಳೆಬಾಗಿಲಿನ ಹತ್ತಿರದ ಬಾವಿಗಳಲ್ಲಿ ಏಪ್ರಿಲ್, ಮೇಯಲ್ಲಿ ನೀರು ಉಪ್ಪಾಗುತ್ತದೆ. ಅಂಥ ನೀರಿನಿಂದ ಒರೆಸುವುದಕ್ಕಿಂತ ಒರೆಸದಿರುವುದೇ ವಾಸಿ.

ಈಗ ನಿಮ್ಮ ಮೂರು ಆಯ್ಕೆಗೆ ಬರೋಣ.

ಪೌಡರ್ ಕೋಟಿಂಗ್ ಅಂದರೆ ಬಣ್ಣದ ಪುಡಿಯನ್ನು ಕಬ್ಬಿಣಕ್ಕೆ ಹಿಡಿಸಿ 180ರಿಂದ 200 ಡಿಗ್ರಿಯ ಒಲೆಯಲ್ಲಿ ಕರಗಿಸುವುದು. ಸಮನಾಗಿ, ಚಂದವಾಗಿ ಕೂರುತ್ತದೆ. ತೊಂದರೆ ಇರುವುದು ಚೂಪು ಅಂಚಿನಲ್ಲಿ, ವೆಲ್ಡಿಂಗ್ ಗಂಟುಗಳಲ್ಲಿ. ಅಲ್ಲಿ ಪದರ ತೆಳ್ಳಗಾಗುತ್ತದೆ. ಮಣ್ಣಿನ ಕುಂಡ ಎಳೆದಾಗ ಒಂದು ಗೀರು ಬಿದ್ದರೆ ಸಾಕು, ಉಪ್ಪುನೀರು ಆ ಗೀರಿನಿಂದ ಒಳಹೊಕ್ಕು ಪದರದ ಅಡಿಯಲ್ಲೇ ಹರಿದಾಡುತ್ತದೆ. ಮೇಲಿಂದ ಗುಳ್ಳೆ ಕಾಣುವಷ್ಟರಲ್ಲಿ ಅಡಿಯಲ್ಲಿ ಅಂಗೈಯಗಲ ತುಕ್ಕಾಗಿರುತ್ತದೆ. ಮನೆಯಲ್ಲಿ ಅದನ್ನು ಸರಿ ಮಾಡಲೂ ಬರುವುದಿಲ್ಲ. ಬರಿ ಕಬ್ಬಿಣದ ಮೇಲೆ ನೇರ ಪೌಡರ್ ಕೋಟಿಂಗ್, ಅದೂ ಕಡಲಿಗೆ ಅರ್ಧ ಕಿಲೋಮೀಟರ್ ಹತ್ತಿರ, ನಾನು ಮಾಡಿಸುವುದಿಲ್ಲ. ಮಣಿಪಾಲದ ಗುಡ್ಡದ ಮೇಲಿನ ಮನೆಯವರು ಕೇಳಿದ್ದರೆ ಬೇರೆ ಮಾತು. ದಡದಿಂದ ಒಳಗೆ ಹೋದ ಹಾಗೆ ಗಾಳಿಯ ಉಪ್ಪು ಸರಸರ ಇಳಿಯುತ್ತದೆ.

ಜಿಐ ಅನ್ನುವ ಮಾತಿನಲ್ಲಿ ಎರಡು ಬೇರೆ ಬೇರೆ ವಸ್ತು ಅಡಗಿವೆ. ಇಲ್ಲೇ ಜನ ಮೋಸ ಹೋಗುವುದು. ಅಂಗಡಿಯಲ್ಲಿ ಸಿಗುವ ಬೆಳ್ಳಿ ಬಣ್ಣದ ಜಿಐ ಚೌಕ ಪೈಪಿಗೆ ಸತುವಿನ ತೆಳು ಲೇಪ ಮೊದಲೇ ಇರುತ್ತದೆ. ವೆಲ್ಡರ್ ಅದನ್ನು ಕತ್ತರಿಸಿದ ಕಡೆ ಲೇಪ ಹೋಯಿತು. ವೆಲ್ಡ್ ಮಾಡಿದ ಕಡೆ ಸತು ಉರಿದು ಬಿಳಿ ಹೊಗೆಯಾಗಿ ಹೋಯಿತು. ಸತು 907 ಡಿಗ್ರಿಗೇ ಆವಿಯಾಗುತ್ತದೆ, ವೆಲ್ಡಿಂಗ್‌ನ ಶಾಖ ಅದಕ್ಕಿಂತ ಎಷ್ಟೋ ಪಟ್ಟು ಮೇಲೆ. ಆ ಹೊಗೆ ಕುಡಿದ ಹುಡುಗರಿಗೆ ರಾತ್ರಿ ಚಳಿಜ್ವರ ಬರುವುದನ್ನು ನಾನೇ ನೋಡಿದ್ದೇನೆ. ಹಾಗೆ ಬೆತ್ತಲಾದ ಗಂಟುಗಳಿಗೆ ಕೊನೆಗೆ ಸಿಲ್ವರ್ ಪೇಂಟ್ ಹಚ್ಚಿ ಕೊಡುತ್ತಾರೆ. ಕಣ್ಣಿಗೆ ಎಲ್ಲ ಒಂದೇ ಬಣ್ಣ. ಮಳೆಗಾಲ ಮುಗಿಯುವಾಗ ಗಂಟುಗಳಲ್ಲಿ ಮಾತ್ರ ಕೆಂಪು ಹೂ ಬಿಟ್ಟಿರುತ್ತದೆ.

ಇನ್ನೊಂದು ನಿಜವಾದ ಗ್ಯಾಲ್ವನೈಸಿಂಗ್. ಸ್ಟ್ಯಾಂಡನ್ನು ಕತ್ತರಿಸಿ, ವೆಲ್ಡ್ ಮಾಡಿ, ತೂತು ಕೊರೆದು, ಎಲ್ಲ ಕೆಲಸ ಮುಗಿದ ಮೇಲೆ ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನ ತೊಟ್ಟಿಗೆ ಇಡಿಯಾಗಿ ಮುಳುಗಿಸಿ ತೆಗೆಯುವುದು. ಹಾಟ್ ಡಿಪ್ ಅಂತಾರೆ. ರಸ್ತೆ ಬದಿಯ ಕ್ರ್ಯಾಶ್ ಬ್ಯಾರಿಯರ್, ವಿದ್ಯುತ್ ಟವರ್‌ಗಳ ಮಬ್ಬು ಬೂದು ಬಣ್ಣ ನೋಡಿದ್ದೀರಲ್ಲ, ಅದೇ. ಇಲ್ಲಿ ಲೇಪದ ದಪ್ಪ 3 ಮಿಲಿಮೀಟರ್ ಕಬ್ಬಿಣಕ್ಕೆ 55 ಮೈಕ್ರಾನಿನ ಆಸುಪಾಸು (ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್). ಮೂಲೆ, ಅಂಚು, ಗಂಟು ಎಲ್ಲ ಕಡೆಯೂ ಇರುತ್ತದೆ. ಕಡಲ ಗಾಳಿಯಲ್ಲಿ ಸತು ವರ್ಷಕ್ಕೆ ನಾಲ್ಕೈದು ಮೈಕ್ರಾನ್ ಸವೆಯುತ್ತದೆ ಅಂತ ಇಟ್ಟುಕೊಂಡರೂ ಹತ್ತು ವರ್ಷಕ್ಕೆ ಲೆಕ್ಕ ಸರಿಹೋಗುತ್ತದೆ.

ಸತುವಿನ ಇನ್ನೊಂದು ಗುಣ ನನಗೆ ತುಂಬಾ ಇಷ್ಟ. ಗೀರು ಬಿದ್ದು ಕಬ್ಬಿಣ ಕಂಡರೂ, ಅಕ್ಕಪಕ್ಕದ ಸತು ತಾನು ಮೊದಲು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಪೇಂಟಿಗೆ ಆ ಗುಣ ಇಲ್ಲ.

ನಿಮ್ಮ ಬಾಲ್ಕನಿಗೆ ನನ್ನ ಉತ್ತರ ಇದೇ: ಎಂಎಸ್, ಅಂದರೆ ಮಾಮೂಲಿ ಕಬ್ಬಿಣದ ಆ್ಯಂಗಲ್‌ನಲ್ಲಿ ಸ್ಟ್ಯಾಂಡ್, ಮಾಡಿದ ಮೇಲೆ ಹಾಟ್ ಡಿಪ್. ಗ್ಯಾಲ್ವನೈಸಿಂಗ್‌ಗೆ ಕೆಜಿ ಲೆಕ್ಕದಲ್ಲಿ ದುಡ್ಡು. ಒಂದೇ ಒಂದು ಸ್ಟ್ಯಾಂಡ್ ಹಿಡಿದುಕೊಂಡು ನೀವೇ ಹೋದರೆ ಯಾರೂ ಮುಖ ಎತ್ತಿ ನೋಡುವುದಿಲ್ಲ. ಬೈಕಂಪಾಡಿ, ಯೆಯ್ಯಾಡಿ ಕಡೆಯ ದೊಡ್ಡ ವರ್ಕ್‌ಶಾಪ್‌ಗಳಲ್ಲಿ ವಿಚಾರಿಸಿ, ತಮ್ಮ ಬೇರೆ ಲೋಡಿನ ಜೊತೆ ಕಳುಹಿಸುತ್ತಾರಾ ಅಂತ. ಸ್ವಲ್ಪ ದಿನ ಕಾಯಬೇಕಾದೀತು. ಹಾಗೆ ಕಳುಹಿಸುವುದಾದರೆ ಆ್ಯಂಗಲ್‌ಗೆ ಇನ್ನೊಂದು ಅನುಕೂಲ ಇದೆ. ಎರಡೂ ತುದಿ ಮುಚ್ಚಿದ ಪೈಪನ್ನು ಸತುವಿನ ತೊಟ್ಟಿಗೆ ಇಳಿಸುವ ಹಾಗೇ ಇಲ್ಲ. ಒಳಗಿನ ತೇವ ಹಬೆಯಾಗಿ ಪೈಪು ಸಿಡಿಯುತ್ತದೆ. ಪೈಪಾದರೆ ತೂತುಗಳ ಲೆಕ್ಕಾಚಾರ ಬೇಕು, ಆ್ಯಂಗಲ್‌ಗೆ ಆ ತಲೆನೋವಿಲ್ಲ.

ಹಾಟ್ ಡಿಪ್ ಆಗದಿದ್ದರೆ ಎರಡನೇ ದಾರಿ, ಅದೇ ಆ್ಯಂಗಲ್ ಸ್ಟ್ಯಾಂಡಿಗೆ ಎಪಾಕ್ಸಿ ಪ್ರೈಮರ್, ಮೇಲೆ ಎರಡು ಕೋಟ್ ಎನಾಮಲ್. ವೆಲ್ಡಿಂಗ್‌ನ ಕಿಟ್ಟವನ್ನೆಲ್ಲ ಕುಟ್ಟಿ ತೆಗೆದು, ಗ್ರೈಂಡ್ ಮಾಡಿದ ಮೇಲೆಯೇ ಪ್ರೈಮರ್. ಇದಕ್ಕೆ ವರ್ಷಕ್ಕೊಮ್ಮೆ ನಿಮ್ಮ ಕೈ ತಾಗಬೇಕು. ನಾನು ಪತ್ತನಾಜೆಯನ್ನು ಗಡುವು ಇಟ್ಟುಕೊಂಡಿದ್ದೇನೆ. ಮೇ 24ರ ಹೊತ್ತಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಮೊದಲು ನನ್ನ ಬ್ರಷ್ ಕೆಲಸ ಮುಗಿದಿರಬೇಕು. ಕಲೆ ಕಂಡ ಕಡೆ ವೈರ್ ಬ್ರಷ್, 80 ನಂಬರಿನ ಮರಳು ಕಾಗದ, ಪ್ರೈಮರ್, ಬಣ್ಣ. ಉಜ್ಜುವ ಮೊದಲು ಸಿಹಿನೀರಿನಲ್ಲಿ ತೊಳೆದು ಒಣಗಿಸುವುದನ್ನು ಮರೆಯಬೇಡಿ. ಉಪ್ಪಿನ ಮೇಲೆ ಬಣ್ಣ ಬಳಿದರೆ, ಆ ಉಪ್ಪು ಬಣ್ಣದ ಪದರದ ಮೂಲಕವೇ ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. "ಒಳ್ಳೆ ಕಂಪೆನಿ ಪೇಂಟು, ಆದರೂ ಎದ್ದು ಬಂತು" ಅನ್ನುವ ದೂರಿಗೆ ಅರ್ಧದಷ್ಟು ಕಾರಣ ಇದೇ. ಜೂನ್ ಬಂದ ಮೇಲೆ ಬಣ್ಣದ ಡಬ್ಬಿ ತೆರೆಯಲೇ ಬೇಡಿ.

ಸ್ಟೇನ್‌ಲೆಸ್ ಸ್ಟೀಲ್ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ, ಯಾಕೆಂದರೆ ನಿಮಗೆ ಅದರ ಅಗತ್ಯ ಇಲ್ಲ. ಮಾರುಕಟ್ಟೆಯಲ್ಲಿ 202 ಅಂತ ಒಂದಿದೆ, 304 ಅಂತ ಒಂದಿದೆ. 304ರಲ್ಲಿ ಕ್ರೋಮಿಯಂ ಸುಮಾರು 18 ಶೇಕಡಾ, ನಿಕ್ಕಲ್ 8 ಶೇಕಡಾ. 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ, ಬೆಲೆ ಇಳಿಯುತ್ತದೆ, ಉಪ್ಪು ತಡೆಯುವ ಶಕ್ತಿಯೂ ಇಳಿಯುತ್ತದೆ. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡುವುದೆಲ್ಲ ಸುಮ್ನೆ. ಎರಡಕ್ಕೂ ಅದು ಸರಿಯಾಗಿ ಅಂಟುವುದಿಲ್ಲ. ಪೈಪಿನ ಮೇಲೆ ಉದ್ದಕ್ಕೆ ಗ್ರೇಡ್ ಅಚ್ಚಾಗಿರುತ್ತದೆ, ಅದನ್ನು ನೋಡಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕೆಜಿಗೆ 304ರ ಬೆಲೆ ಮಾಮೂಲಿ ಕಬ್ಬಿಣದ ಮೂರು ಪಟ್ಟಿಗಿಂತ ಜಾಸ್ತಿ. ಅಷ್ಟು ಕೊಟ್ಟರೂ ನಿಮ್ಮಲ್ಲಿ ಅದರ ಮೇಲೆ ಚಹಾ ಚೆಲ್ಲಿದಂಥ ಕಂದು ಕಲೆ ಏಳುತ್ತದೆ. ಗಟ್ಟಿತನಕ್ಕೆ ತೊಂದರೆ ಇಲ್ಲ, ನೋಡಲು ಬೇಸರ ಅಷ್ಟೇ. ಕಡಲಿಗೆಂದೇ ಇರುವುದು 316, ಅದರಲ್ಲಿ 2ರಿಂದ 3 ಶೇಕಡಾ ಮಾಲಿಬ್ಡಿನಂ. ದೋಣಿಗೆ ಬಳಸಲಿ, ದೊಡ್ಡಪತ್ರೆ ಕುಂಡಕ್ಕೆ ಯಾಕೆ?

ಇನ್ನು ಭಾರದ ಲೆಕ್ಕ. ಹತ್ತು ಇಂಚಿನ ಕುಂಡದಲ್ಲಿ ಎಂಟರಿಂದ ಒಂಬತ್ತು ಲೀಟರ್ ಮಣ್ಣು ಹಿಡಿಯುತ್ತದೆ. ನಮ್ಮ ಕೆಂಪು ಮಣ್ಣು ನೀರು ಕುಡಿದಾಗ ಲೀಟರಿಗೆ ಒಂದೂವರೆ ಕೆಜಿಗೂ ಮೇಲೆ ತೂಗುತ್ತದೆ. ಅಂದರೆ ಕುಂಡ ಒಂದಕ್ಕೆ 13, 14 ಕೆಜಿ. ಮಣ್ಣಿನ ಚಟ್ಟಿಯಾದರೆ ಇನ್ನೂ ಎರಡು ಮೂರು ಕೆಜಿ ಸೇರಿಸಿ. ಹನ್ನೆರಡು ಕುಂಡಕ್ಕೆ 160 ಕೆಜಿ, ಸ್ಟ್ಯಾಂಡ್ 20 ಕೆಜಿ. ಒಟ್ಟು 180. ತೆಂಗಿನ ನಾರಿನ ಪುಡಿ, ಕಾಂಪೋಸ್ಟ್ ಅರ್ಧಕ್ಕರ್ಧ ಬೆರೆಸಿದರೆ ಇದು ಸುಲಭವಾಗಿ ನಲವತ್ತು ಐವತ್ತು ಕೆಜಿ ಇಳಿಯುತ್ತದೆ.

ಮನೆಗಳ ಬಾಲ್ಕನಿಯನ್ನು ಚದರ ಮೀಟರಿಗೆ ಕಡಿಮೆ ಅಂದರೂ 300 ಕೆಜಿ ತಡೆಯುವ ಹಾಗೆ ಲೆಕ್ಕ ಹಾಕಬೇಕು ಅಂತ ಭಾರತೀಯ ಮಾನಕ 875 ಹೇಳುತ್ತದೆ. ನಾನು ಕೆಳಗೆ ಹೇಳುವ ಅಳತೆಯ ಸ್ಟ್ಯಾಂಡ್ ಸುಮಾರು 0.85 ಚದರ ಮೀಟರ್ ಜಾಗ ಹಿಡಿಯುತ್ತದೆ. ಲೆಕ್ಕಕ್ಕೆ ಚದರ ಮೀಟರಿಗೆ 210 ಕೆಜಿಯ ಹತ್ತಿರ. ಒಳ್ಳೆಯ ಸ್ಥಿತಿಯಲ್ಲಿರುವ ಬಾಲ್ಕನಿಗೆ ಇದು ಹೆದರುವ ಭಾರ ಅಲ್ಲ. ಆದರೆ ಆ 300ರಲ್ಲಿ ನೀವು, ಮಕ್ಕಳು, ವಾಷಿಂಗ್ ಮೆಷಿನ್ ಎಲ್ಲ ಸೇರಿದ್ದೀರಿ. ಬಾಲ್ಕನಿ ಹೊರಚಾಚಿದ್ದರೆ ಸ್ಟ್ಯಾಂಡನ್ನು ಮನೆಯ ಗೋಡೆಗೆ ತಾಗಿಸಿ ಇಡಿ, ರೇಲಿಂಗ್ ಕಡೆಗೆ ಬೇಡ. ಒಂದೇ ಭಾರ ತುದಿಯಲ್ಲಿದ್ದಾಗ ಬುಡವನ್ನು ಎಷ್ಟೋ ಪಟ್ಟು ಜಾಸ್ತಿ ಎಳೆಯುತ್ತದೆ. ಅಡಿಯಿಂದ ನೋಡಿದಾಗ ಸ್ಲ್ಯಾಬಿನ ಗಾರೆ ಉದುರಿ ಸರಳು ಕಾಣುತ್ತಿದ್ದರೆ ಕುಂಡದ ಮಾತು ಆಮೇಲೆ, ಮೊದಲು ಎಂಜಿನಿಯರ್‌ಗೆ ತೋರಿಸಿ.

ಅಳತೆ ಹೀಗಿರಲಿ. ಉದ್ದ ಮೂರೂವರೆ ಅಡಿ, ಒಂದು ಹಂತದಲ್ಲಿ ನಾಲ್ಕು ಕುಂಡ. ಮೆಟ್ಟಿಲಿನ ಹಾಗೆ ಮೂರು ಹಂತ, ಒಂದೊಂದರ ಅಗಲ ಹತ್ತೂವರೆ ಇಂಚು. ನೆಲದಿಂದ ಎತ್ತರ 8, 18, 28 ಇಂಚು. ಇದಕ್ಕಿಂತ ಉದ್ದ ಬೇಕು ಅಂದರೆ ಮಧ್ಯ ಒಂದು ಜೊತೆ ಕಾಲು ಕೊಡಿಸಿ. ಅಷ್ಟೇ ಭಾರಕ್ಕೆ ಉದ್ದ ಎರಡು ಪಟ್ಟಾದರೆ ಬಾಗುವುದು ಎರಡು ಪಟ್ಟಲ್ಲ, ಎಂಟು ಪಟ್ಟು. ಐದಡಿ ಉದ್ದದ ತೆಳು ಪೈಪಿನ ಹಂತ ಕುಂಡ ಸಾಲಾಗಿ ಇಟ್ಟ ದಿನವೇ ಜೋಲು ಬೀಳುವುದು ಇದಕ್ಕೇ.

ಮುಂದಿನ ಕಾಲುಗಳು ಕೆಳಗಿನ ಹಂತದ ಮುಂದಿನ ಅಂಚಿನ ನೇರ ಕೆಳಗೇ ಇರಬೇಕು. ಕೆಲವರು ಚಂದಕ್ಕೆ ಅಂತ ಒಳಗೆ ಸರಿಸುತ್ತಾರೆ. ಮಗು ಆ ಹಂತದ ಮೇಲೆ ಕಾಲಿಟ್ಟು ಹತ್ತಿದರೆ ಇಡೀ ಸ್ಟ್ಯಾಂಡ್ ಮುಂದಕ್ಕೆ ಮಗುಚಬಹುದು.

ಮಲ್ಲಿಗೆಗೆ ಬಿಸಿಲು ಬೇಕು ಅಂತ ನಾಲ್ಕೂ ಕುಂಡ ಮೇಲೆ ಇಟ್ಟಿರುತ್ತೀರಿ, ನನಗೆ ಗೊತ್ತು. ಶಂಕರಪುರದ ಮಲ್ಲಿಗೆಯನ್ನು ತಾರಸಿಯಲ್ಲಿ ಬೆಳೆಸುವವರೆಲ್ಲ ಹೀಗೇ ಮಾಡುತ್ತಾರೆ. ಭಾರದ ದೃಷ್ಟಿಯಿಂದ ಅದು ತಲೆಕೆಳಗು, ಆದರೆ ಮೆಟ್ಟಿಲು ಮಾದರಿಯಲ್ಲಿ 28 ಇಂಚೇ ಕೊನೆಯ ಎತ್ತರ, ಹಿಂದೆ ಗೋಡೆ ಇದೆ, ಅಡ್ಡಿಯಿಲ್ಲ. ಮಲ್ಲಿಗೆ ಕುಂಡಗಳಿಗೆ ಮಾತ್ರ ನಾರಿನ ಪುಡಿ ಜಾಸ್ತಿ ಹಾಕಿ ಹಗುರ ಮಾಡಿಕೊಳ್ಳಿ. ಒಂದರ ಮೇಲೊಂದು ನೇರ ನಿಲ್ಲುವ ಗೋಪುರದಂಥ ಸ್ಟ್ಯಾಂಡಿಗೆ ಈ ರಿಯಾಯಿತಿ ಇಲ್ಲ. ಬುಡದ ಅಗಲಕ್ಕಿಂತ ಮೂರು ಪಟ್ಟು ಎತ್ತರ ಆದರೆ ಗೋಡೆಗೆ ಕಟ್ಟಲೇಬೇಕು. ಕಟ್ಟುವಾಗ ಆ್ಯಂಕರ್ ಬೋಲ್ಟನ್ನು ಕಾಂಕ್ರೀಟ್ ಪಿಲ್ಲರಿಗೆ ಹಾಕಿ. ಕೆಂಪುಕಲ್ಲಿನ ಗೋಡೆಯಲ್ಲಿ ಅದು ಬಿಗಿಯಾದಂತೆ ಅನಿಸುತ್ತದೆ, ಆಮೇಲೆ ಪುಡಿ ಸಮೇತ ಕೈಗೆ ಬರುತ್ತದೆ.

ಈಗ ಎಲ್ಲರೂ ಮರೆಯುವ ಒಂದು ವಿಷಯ. ಮನೆಯಲ್ಲಿ ಬೆಂಕಿಪೆಟ್ಟಿಗೆ ಇದ್ದರೆ ತೆಗೆದುಕೊಳ್ಳಿ. ಕಡ್ಡಿ ಇರುವ ಒಳಗಿನ ಪೆಟ್ಟಿಗೆ ಎಳೆದು ಬದಿಗಿಡಿ. ಬರಿ ಹೊರಕವಚವನ್ನು ಮೂಲೆಯಲ್ಲಿ ಒತ್ತಿ. ಚಪ್ಪಟೆಯಾಯಿತಲ್ವಾ? ಒಳಪೆಟ್ಟಿಗೆ ಮತ್ತೆ ತೂರಿಸಿ ಒತ್ತಿ. ಅಲ್ಲಾಡುವುದಿಲ್ಲ. ನಾಲ್ಕು ಕೋಲಿನ ಚೌಕಟ್ಟಿಗೆ ಅಡ್ಡಪಟ್ಟಿ ಇಲ್ಲದಿದ್ದರೆ ಸ್ಟ್ಯಾಂಡ್ ಆ ಖಾಲಿ ಕವಚದ ಹಾಗೆ. ಕಬ್ಬಿಣ ಎಷ್ಟೇ ದಪ್ಪ ಇರಲಿ, ಪಕ್ಕಕ್ಕೆ ಓಲಾಡುತ್ತದೆ. ಓಲಾಡಿ ಓಲಾಡಿ ಮೂಲೆಯ ವೆಲ್ಡಿಂಗ್ ಬಿರಿಯುತ್ತದೆ, ಅಲ್ಲಿ ಬಣ್ಣ ಒಡೆಯುತ್ತದೆ, ಮತ್ತೆ ಉಪ್ಪು, ಮತ್ತೆ ತುಕ್ಕು. ಹಿಂಬದಿಯಲ್ಲಿ ಮೂಲೆಯಿಂದ ಮೂಲೆಗೆ ಎರಡು ಪಟ್ಟಿ, ಗುಣಾಕಾರ ಚಿಹ್ನೆಯ ಹಾಗೆ, 20ಕ್ಕೆ 3 ಮಿಲಿಮೀಟರಿನದ್ದು ಸಾಕು. ಎರಡು ಬದಿಗೂ ಒಂದೊಂದು ಓರೆ ಪಟ್ಟಿ. ಖರ್ಚು ಹೆಚ್ಚಲ್ಲ. ರೆಡಿ ಸ್ಟ್ಯಾಂಡ್ ಕೊಳ್ಳುವವರಾದರೂ ಅಂಗಡಿಯಲ್ಲಿ ಮೇಲಿನ ಹಂತ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಖಾಲಿ ಇರುವಾಗಲೇ ಓಲಾಡಿದರೆ ಬಿಟ್ಟು ಬನ್ನಿ, ಮಾರಾಯ್ರೆ.

ಹಂತಗಳಿಗೆ ತಗಡು ಹೊದಿಸಬೇಡಿ. ಒಂದೂವರೆ ಇಂಚು ಅಂತರದಲ್ಲಿ ಪಟ್ಟಿಗಳನ್ನು ಕೂರಿಸಿದರೆ ನೀರು ಇಳಿದುಹೋಗುತ್ತದೆ, ಅಡಿಭಾಗಕ್ಕೂ ಕೈ ಹೋಗುತ್ತದೆ. ಇನ್ನೊಂದು, ಆ್ಯಂಗಲ್‌ನ ಒಂದು ತುಟಿ ಮೇಲಕ್ಕೆ ಬರುವ ಹಾಗೆ ಕೂರಿಸುವುದು ವೆಲ್ಡರ್‌ಗಳ ಅಭ್ಯಾಸ, ಕುಂಡ ಜಾರದಿರಲಿ ಅಂತ. ಒಳ್ಳೆಯ ಯೋಚನೆಯೇ. ಆದರೆ ಮೂಲೆಗಳಲ್ಲಿ ಬೆರಳು ಹೋಗುವಷ್ಟು ಸಂದು ಬಿಡಿಸಿ, ಇಲ್ಲದಿದ್ದರೆ ಅದು ತಟ್ಟೆಯೇ ಆಗುತ್ತದೆ. ಕುಂಡದ ಅಡಿಗೆ ಪ್ಲಾಸ್ಟಿಕ್ ಸಾಸರ್ ಇಡುವವರು ಅದನ್ನು ವಾರಕ್ಕೊಮ್ಮೆ ಚೆಲ್ಲಬೇಕು. ಸೊಳ್ಳೆ ಮೊಟ್ಟೆಯಿಂದ ಹಾರುವವರೆಗೆ ಬರಲು ಏಳರಿಂದ ಹತ್ತು ದಿನ ಸಾಕು. ಮಲೇರಿಯಾ, ಡೆಂಗ್ಯೂ ಬಗ್ಗೆ ಮಂಗಳೂರಿನವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ಕಾಲಿನ ಕೆಳಗೆ ರಬ್ಬರ್ ಬುಷ್ ಬೇಡ. ಅದು ಲೋಟದ ಹಾಗೆ ನೀರು ಹಿಡಿದುಕೊಂಡು ಕಾಲನ್ನು ಕೊಳೆಸುತ್ತದೆ. ಪ್ರತಿ ಕಾಲಿಗೆ ಎರಡು ಇಂಚು ಚೌಕದ 5 ಮಿಲಿಮೀಟರ್ ತಟ್ಟೆ ವೆಲ್ಡ್ ಮಾಡಿಸಿ, ಗ್ರಾನೈಟ್ ತುಂಡಿನ ಮೇಲೆ ನಿಲ್ಲಿಸಿ. ಟೈಲ್ಸ್ ಮೇಲೆ ತುಕ್ಕಿನ ಉಂಗುರವೂ ಬೀಳುವುದಿಲ್ಲ, ಭಾರವೂ ಹಂಚಿಹೋಗುತ್ತದೆ.

ಸ್ಟ್ಯಾಂಡ್ ಮನೆಗೆ ಬರುವ ದಾರಿಯನ್ನೂ ಅಳೆದುಕೊಳ್ಳಿ. ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡು ಗೋಡೆಯ ಪೇಂಟ್ ಕೆರೆದುಕೊಂಡು ಹೋದ ಸ್ಟ್ಯಾಂಡ್‌ಗಳು ಬೇಕಾದಷ್ಟಿವೆ. ಬೇಕಿದ್ದರೆ ಎರಡು ಭಾಗ ಮಾಡಿಸಿ ಬೋಲ್ಟ್ ಹಾಕಿಸಿ. ಗ್ಯಾಲ್ವನೈಸ್ ಸ್ಟ್ಯಾಂಡಿಗೆ ಸ್ಟೇನ್‌ಲೆಸ್ ಬೋಲ್ಟ್ ಹಾಕಿದರೆ ನಡೆಯುತ್ತದೆ. ಸ್ಟೇನ್‌ಲೆಸ್ ಸ್ಟ್ಯಾಂಡಿಗೆ ಮಾಮೂಲಿ ಬೋಲ್ಟ್ ಹಾಕಿದರೆ ಮಾತ್ರ ಉಪ್ಪುಗಾಳಿಯಲ್ಲಿ ಆ ಬೋಲ್ಟು ಕಣ್ಣೆದುರೇ ಸವೆದುಹೋಗುತ್ತದೆ.

ಹಳೆಯ ಸ್ಟ್ಯಾಂಡನ್ನು ಗುಜರಿಗೆ ಹಾಕುವ ಮೊದಲು ಒಂದು ಕೆಲಸ ಮಾಡಿ. ವಾಲಿದ ಕಡೆಯ ಕಾಲನ್ನು ನೆಲದಿಂದ ಒಂದು ಗೇಣು ಮೇಲೆ ಹ್ಯಾಕ್‌ಸಾ ಬ್ಲೇಡಿನಲ್ಲಿ ಕತ್ತರಿಸಿ. ಆ ತುಂಡನ್ನು ಒಂದು ಕಾಗದದಲ್ಲಿ ಸುತ್ತಿ ವರ್ಕ್‌ಶಾಪ್‌ಗೆ ತೆಗೆದುಕೊಂಡು ಹೋಗಿ, ಆರ್ಡರ್ ಕೊಡುವಾಗ ಮೇಜಿನ ಮೇಲೆ ಇಡಿ. ಪೈಪು ಯಾಕೆ ಬೇಡ ಅಂತ ನೀವು ಬಾಯಿ ತೆರೆದು ಹೇಳಬೇಕಾಗುವುದಿಲ್ಲ.